ನೀಲವ್ವನ ಭುಜಕ್ಕೆ ನಾನು ಮಾಡಿದ್ದು

ಹೌದು, ನಾನು ಸುಳ್ಳು ಹೇಳಿದೆ. ಬಾಯಿತಪ್ಪಿ ಬಂದ ಮಾತಲ್ಲ — ಗೊತ್ತಿದ್ದೇ ಹೇಳಿದೆ. ಹತ್ತಿಮತ್ತೂರಿನ ನೀಲವ್ವನ ಬಲಗೈ ಇವತ್ತು ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಅದಕ್ಕೆ ಕಾರಣ ನಾನು. ಇದನ್ನು ಬರೆಯಬೇಡ ಎಂದವರಿದ್ದಾರೆ. ಬರೆಯುತ್ತೇನೆ.

ಶಿಗ್ಗಾಂವದಲ್ಲಿ ನನ್ನದೊಂದು ಫಿಸಿಯೋಥೆರಪಿ ಕೇಂದ್ರ. ಎರಡು ಮಂಚ, ಗೋಡೆಗೆ ಕೈ ಎತ್ತಿಸುವ ಹಗ್ಗದ ರಾಟೆಯೊಂದು, ಮತ್ತೆ ನನ್ನ ಕೈ. ಆ ಕೈಯ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ನೀಲವ್ವ ರವಿಕೆ ಹೊಲಿಯುವಾಕೆ. ಜಾರಿ ಬಿದ್ದು ತೋಳಿನ ಮೂಳೆ ಮುರಿದಿತ್ತು, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದರು. ಅಲ್ಲಿಯ ಫಿಸಿಯೋ ಒಬ್ಬಳು ವಾರಕ್ಕೆರಡು ಸಲ ವಿಡಿಯೋ ಕಾಲ್‌ನಲ್ಲಿ ವ್ಯಾಯಾಮ ಮಾಡಿಸುತ್ತಿದ್ದಳು. ನೆಂಟರ ಮನೆಗೆಂದು ಶಿಗ್ಗಾಂವಕ್ಕೆ ಬಂದಾಗ ನೀಲವ್ವ ನನ್ನಲ್ಲಿಗೂ ಬಂದಳು.

"ಫೋನಿನ್ಯಾಗ ನೋಡ್ಕೊಂತ ಮಾಡಾಕತ್ತೇನ್ರಿ ಅಕ್ಕಾರ. ಸರಿ ಐತೇನ ನೋಡ್ರಿ."

ಕೈ ಎತ್ತಿದಳು. ಸೊಂಟ ವಾಲಲಿಲ್ಲ, ಭುಜ ಕಿವಿಯ ಕಡೆಗೆ ಹೋಗಲಿಲ್ಲ — ಎಲ್ಲೂ ತಪ್ಪಿರಲಿಲ್ಲ. ಕೈ ಎಷ್ಟು ಏರಿದೆಯೆಂದು ಕೋನ ಅಳೆದೆ, ಮತ್ತೊಮ್ಮೆ ಅಳೆದೆ. ನಾನು ದಿನಾ ಮುಟ್ಟಿ ಮಾಡಿಸಿದ್ದರೂ ಅಷ್ಟು ಬರುತ್ತಿತ್ತೋ ಇಲ್ಲವೋ... ನನಗೆ ಹೊಟ್ಟೆಯುರಿಯಿತು. ಹುಬ್ಬಳ್ಳಿಯಲ್ಲಿ ಕೂತು, ಒಮ್ಮೆಯೂ ಮುಟ್ಟದೆ, ಯಾರೋ ಇದನ್ನು ಮಾಡಿದ್ದರು. ವಿಡಿಯೋ ಚಿಕಿತ್ಸೆ ಹೇಗೆ ನಡೆಯುತ್ತದೆಂದು ನಾನು ಅದುವರೆಗೆ ಕಣ್ಣಿಂದ ನೋಡಿರಲೇ ಇಲ್ಲ.

"ಅದನ್ನ ಬಿಟ್ಟಬಿಡ್ರಿ," ಎಂದೆ. "ಒಳಗಿನ ಪ್ಲೇಟ್ ಕಿತ್ತ ಬರತೈತಿ. ಇಲ್ಲಿಗೇ ಬರ್ರಿ."

ಆಕೆ ಹೆದರಿ ಮನೆಯ ವ್ಯಾಯಾಮವನ್ನು ಅಂದೇ ಬಿಟ್ಟಳು. ಸವಣೂರಿನಲ್ಲಿ ಬಸ್ ಬದಲಿಸಿ ನಾಲ್ಕು ಸಲ ನನ್ನಲ್ಲಿಗೆ ಬಂದಳು. ಆಮೇಲೆ ಮದುವೆಗಳ ಕಾಲ, ರವಿಕೆಗಳ ರಾಶಿ — ಬರಲಾಗಲಿಲ್ಲ. ತಿಂಗಳುಗಳ ನಂತರ ಗಂಡ ಕರೆತಂದಾಗ ಭುಜ ಬಿಗಿದುಕೊಂಡುಬಿಟ್ಟಿತ್ತು. "ಮನ್ಯಾಗ ಒಂದ ದಿನಾನೂ ಕೈ ಎತ್ತಲಿಲ್ರಿ ಈಕಿ," ಎಂದು ಆತ ಬೈದ. ನೀಲವ್ವ ನನ್ನ ಮುಖ ನೋಡಿದಳು. ನಾನು ಚೀಟಿಯ ಮೇಲೆ 'ವ್ಯಾಯಾಮ ಮಾಡಿಲ್ಲ' ಎಂದು ಬರೆದು ಸಹಿ ಹಾಕಿದೆ.

ಈಚೆಗೆ ಫಿಸಿಯೋಥೆರಪಿ ಓದುವ ವಿದ್ಯಾರ್ಥಿನಿಯೊಬ್ಬಳು ತನ್ನ ಅಧ್ಯಯನಕ್ಕೆಂದು ಪ್ರಶ್ನಾವಳಿ ತಂದಳು. ದೂರದಿಂದ ಕೊಡುವ ಚಿಕಿತ್ಸೆಯ ಬಗ್ಗೆ ನಿಮಗೆ ಅರಿವಿದೆಯೇ? ಅದರಿಂದ ರೋಗಿಗೆ ಅಪಾಯವಾದದ್ದನ್ನು ಕಂಡಿದ್ದೀರಾ? ನಾನು ಕಂಡಿದ್ದ ಅಪಾಯ ಒಂದೇ, ಅದನ್ನು ಮಾಡಿದವಳೂ ನಾನೇ. ಹಾನಗಲ್ಲಿನ ಗೆಳತಿಗೆ ಹೇಳಿದೆ. ಅವಳೂ ಫಿಸಿಯೋ. "ನಾವೆಲ್ಲಾರೂ ಹಂಗ ಹೇಳ್ತೇವಿ, ಬಿಡ," ಎಂದಳು. ಯಾಕೆ ಬಿಡಲಿ? ಕೆಲವು ಮೈಗಳಿಗೆ ಕೈಯ ಸ್ಪರ್ಶವೇ ಬೇಕು — ಈ ಮಾತನ್ನು ಯಾರ ಮುಂದೆ ಬೇಕಾದರೂ ನಿಂತು ವಾದಿಸುತ್ತೇನೆ. ನೀಲವ್ವನ ಭುಜಕ್ಕೆ ಅದು ಬೇಕಿರಲಿಲ್ಲ. ಬೇಕಾಗಿದ್ದದ್ದು ನನ್ನ ಜಂಬಕ್ಕೆ.

ಹೋದ ವಾರ ಹತ್ತಿಮತ್ತೂರಿಗೆ ಹೋದೆ. ಗಂಡನನ್ನೂ ಕೂರಿಸಿಕೊಂಡು ಹೇಳಿದೆ: "ಇವರ ತಪ್ಪಿಲ್ರಿ. ಸುಳ್ಳ ಹೇಳಿ, ಹೆದರಿಸಿ ಬಿಡಿಸಿದಾಕಿ ನಾನು." ಆತ ತಲೆ ತಗ್ಗಿಸಿದ. ನೀಲವ್ವ ಬೈಯಲಿಲ್ಲ, ಅಳಲಿಲ್ಲ. ಇಷ್ಟು ಕೇಳಿದಳು:

"ಫೋನಿನ್ಯಾಗ ನೋಡಿ ಮಾಡ್ಕೊಂತ ಹೋಗಿದ್ರ, ಕೈ ಮ್ಯಾಲ ಏಳತಿತ್ತೇನ್ರಿ?"

ಖಚಿತವಾಗಿ ಹೇಳಲಾಗದು, ಒಬ್ಬೊಬ್ಬರ ಮೈ ಒಂದೊಂದು ಥರ — ಇಂಥ ಮಾತುಗಳು ನಮ್ಮ ವೃತ್ತಿಯಲ್ಲಿ ಬೇಕಾದಷ್ಟಿವೆ. ಒಂದನ್ನೂ ಆಡಲಿಲ್ಲ.

"ಏಳತಿತ್ರಿ," ಎಂದೆ.