ಮಾವನ ಕಾರು ಸ್ಟಾರ್ಟ್ ಆಗದ ದಿನ

ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ವರ್ಷ ನಾನು ಕಾಪುವಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನನಗೆ ಒಂದು ಕಡೆ ಕೂತು ಗೊತ್ತಿಲ್ಲದ ದಿನಗಳು ಅವು. ಬೆಳಗ್ಗೆ ಬಸ್ಸು ಹಿಡಿದು ಉಡುಪಿಗೋ ಮಣಿಪಾಲಕ್ಕೋ ಹೋಗಿ ಯಾವುದಾದರೂ ಶಾಲೆಯಲ್ಲಿ ಅರ್ಜಿ ಕೊಟ್ಟು ಬರುವುದು, ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ಸುಳಿದಾಡುವುದು, ಅವನು ಸೈಕಲ್ ನಿಲ್ಲಿಸದೆ ಹೋದರೆ ಒಳಗೆ ಬಂದು ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸುವುದು. ಮನೆಯಲ್ಲಿ ನನ್ನಷ್ಟೇ ಚಡಪಡಿಸುತ್ತಿದ್ದವರು ಮಾವ.

ಮಾವ ಹದಿನೆಂಟು ವರ್ಷ ಗಲ್ಫಿನ ಗ್ಯಾರೇಜುಗಳಲ್ಲಿ ಮೆಕ್ಯಾನಿಕ್ ಆಗಿದ್ದವರು. ಊರಿಗೆ ಬಂದು ನೆಲೆಸಿ ಒಂದು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮಣಿಪಾಲದ ಕಣ್ಣಿನ ಡಾಕ್ಟರು ಇನ್ನೂ ಪರೀಕ್ಷೆ ಆಗಬೇಕು, ತಡ ಮಾಡಬೇಡಿ ಎಂದಿದ್ದರು. ಮಾವ ಮತ್ತೆ ಅತ್ತ ಹೋಗಲೇ ಇಲ್ಲ. ಕೇಳಿದರೆ ಕನ್ನಡಕದ ನಂಬರು ಬದಲಾಗಬೇಕು, ಅಷ್ಟೆ ಎನ್ನುತ್ತಿದ್ದರು. ಪೇಪರು ಓದುವುದನ್ನು ಬಿಟ್ಟು ರೇಡಿಯೋ ಹಿಡಿದದ್ದನ್ನೂ, ಚಹಾದ ಲೋಟಕ್ಕಾಗಿ ಮೇಜಿನ ಮೇಲೆ ಕೈ ತಡಕಾಡುವುದನ್ನೂ ನಾವು ನೋಡುತ್ತಿದ್ದೆವು. ಆ ಮಾತು ಎತ್ತಿದರೆ ಮಾತ್ರ ಅವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಹೊರಗೆಂದರೆ ಕಾರಿನ ಹತ್ತಿರ. ಅದು ನನಗಿಂತಲೂ ಹಳೆಯದು. ಮೊದಲನೇ ರಜೆಯಲ್ಲಿ ಊರಿಗೆ ಬಂದಾಗ ಕೊಂಡದ್ದಂತೆ. ಆಗಲೇ ಅದಕ್ಕೆ ವಯಸ್ಸಾಗಿತ್ತು. ದುಂಡನೆಯ ಉರುಟು ಬೆನ್ನು, ಸ್ಟಿಯರಿಂಗ್ ಪಕ್ಕದಲ್ಲಿ ಗೇರು, ಮುಂದೆ ಈ ತುದಿಯಿಂದ ಆ ತುದಿಗೆ ಒಂದೇ ಸೀಟು. ದಾರಿಹೋಕರು ಎಷ್ಟೋ ಸಲ ಗೇಟಿನ ಹತ್ತಿರ ನಿಂತು, ಕೊಡುತ್ತೀರಾ ಎಂದು ವಿಚಾರಿಸಿದ್ದುಂಟು. ಮಾವ ಅದನ್ನು ಬೇರೆಯವರಿಂದ ಮುಟ್ಟಿಸುತ್ತಿರಲಿಲ್ಲ. ಉಡುಪಿಯಲ್ಲಿ ಡ್ರೈವಿಂಗ್ ಕಲಿತು ನಾನು ಲೈಸೆನ್ಸ್ ಮಾಡಿಸಿಕೊಂಡಿದ್ದರೂ ಬೀಗದ ಕೈ ನನಗೆ ಸಿಕ್ಕಿರಲಿಲ್ಲ. ಊರೊಳಗಿನ ರಸ್ತೆಯಲ್ಲಿ ಮಾತ್ರ ಬಿಡುವುದು, ಹೆದ್ದಾರಿಗೆ ಹೋಗುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದರು.

ಆ ಶನಿವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕಾರ್ಕಳದಿಂದ ಫೋನ್ ಬಂತು. ಗಲ್ಫಿನಲ್ಲಿ ಮಾವನ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿದ್ದ ಸ್ನೇಹಿತರು ರಜೆ ಮುಗಿಸಿ ಅದೇ ಸಂಜೆ ಹೊರಡುವವರಿದ್ದರು. ನೋಡದೆ ಹೋಗುವುದು ಹೇಗೆ ಎಂದು ಅವರು ಹೇಳಿದ್ದೇ ತಡ, ಮಾವ ಬಟ್ಟೆ ಬದಲಿಸಿದರು. ಬಸ್ಸಿನಲ್ಲಿ ಹೋಗುವ ಎಂದು ಅತ್ತೆ ಎರಡು ಸಲ ಹೇಳಿದರು. ಮಾವ ಕೇಳಿಸಿಕೊಳ್ಳಲಿಲ್ಲ. ಮೂರನೇ ಸಲ ಅತ್ತೆ ಹೇಳಲಿಲ್ಲ.

ಮಾವ ಕಾರಿನಲ್ಲಿ ಕೂತು ಕೀ ತಿರುಗಿಸಿದರು. ಇಂಜಿನ್ ಗರಗರ ತಿರುಗಿತು, ಹಿಡಿಯಲಿಲ್ಲ. ಚೋಕ್ ಎಳೆದು ಮತ್ತೊಮ್ಮೆ. ಇಲ್ಲ. ಐದಾರು ಸಲ ಆದ ಮೇಲೆ ಇಳಿದು, ಬಾನೆಟ್ ಎತ್ತಿ ನನ್ನನ್ನು ಕರೆದರು. ನಿನ್ನೆ ಸಂಜೆ ಸರಿ ಇದ್ದದ್ದು ಇವತ್ತು ಎಂತ ಆಗಿರಬಹುದು ಎಂದು ತಮಗೇ ಹೇಳಿಕೊಂಡರು. ನನ್ನನ್ನು ಕರೆದದ್ದು ಸಹಾಯಕ್ಕೆಂದು ಮೊದಲು ಅಂದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು, ಕರೆದದ್ದು ಕಣ್ಣಿಗೆ.

ಮೊದಲು ಹಾರ್ನ್ ಒತ್ತಲು ಹೇಳಿದರು. ಜೋರಾಗಿಯೇ ಕೂಗಿತು. ಬ್ಯಾಟರಿ ಸರಿ ಉಂಟು ಎಂದು ತೀರ್ಮಾನವಾಯಿತು. ಆಮೇಲೆ ಕಾರ್ಬೊರೇಟರಿನ ಹತ್ತಿರ ಮೂಗು ತಂದು ಎರಡು ಸಲ ಉಸಿರೆಳೆದರು. ಪೆಟ್ರೋಲ್ ಬರುತ್ತಿದೆ, ಹೆಚ್ಚೇ ಬಂದಿದೆ, ಸ್ವಲ್ಪ ಆರಲಿ ಎಂದರು. ಆರುವ ತನಕ ಕೂರಲಿಲ್ಲ. ಕಾರಿನ ಸುತ್ತ ನಡೆದರು, ಮಡ್ಗಾರ್ಡಿನ ಮೇಲೆ ಬೆರಳು ಬಡಿದರು, ನನ್ನ ವಾಚಿನಲ್ಲಿ ಗಂಟೆ ಎಷ್ಟೆಂದು ಕೇಳಿದರು, ನಾನು ಹೇಳಿ ಮುಗಿಸುವ ಮೊದಲೇ ಮತ್ತೊಮ್ಮೆ ಕೇಳಿದರು. ಹನ್ನೆರಡು. ಸ್ನೇಹಿತರು ಮೂರು ಗಂಟೆಗೆ ಮನೆ ಬಿಡುವವರು.

ಮುಂದಿನದು ಕಿಡಿಯ ಪರೀಕ್ಷೆ. ಪ್ಲಗ್ಗಿನ ವಯರು ಕಿತ್ತು, ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣಕ್ಕೆ ಒಂದಿಷ್ಟು ದೂರದಲ್ಲಿ ಹಿಡಿಯಬೇಕು. ಅವರು ಕೀ ತಿರುಗಿಸಿದಾಗ ಕಿಡಿ ಹಾರುತ್ತದೋ ಎಂದು ನೋಡಬೇಕು. ಒಣ ಬಟ್ಟೆ ಸುತ್ತಿಕೊಂಡು ಹಿಡಿದೆ. ಹಾರಲಿಲ್ಲ. ನಾಲ್ಕು ಪ್ಲಗ್ಗುಗಳ ವಯರೂ ಹಾಗೆಯೇ.

ಆಗ ಮಾವ, ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಬರುವ ನಡುವಿನ ದಪ್ಪ ವಯರನ್ನು ಎಳೆದು ನೋಡಲು ಹೇಳಿದರು. ಈ ಸಲ ನೀಲಿ ಕಿಡಿ ಟಕಟಕ ಎಂದು ಹಾರಿತು, ಬಟ್ಟೆ ಜಾರಿ ನನ್ನ ಮೊಣಕೈವರೆಗೂ ಹೊಡೆಯಿತು. ನಾನು ಹಿಂದಕ್ಕೆ ಜಿಗಿದದ್ದು ಕೇಳಿ ಅವರಿಗೆ ಖುಷಿಯಾಯಿತು.

"ಅಲ್ಲಿವರೆಗೆ ಬರ್ತಾ ಉಂಟು, ಅಲ್ಲಿಂದ ಆಚೆಗೆ ಹೋಗ್ತಾ ಇಲ್ಲ. ಹಾಗಾದ್ರೆ ಡಿಸ್ಟ್ರಿಬ್ಯೂಟರ್. ಕ್ಯಾಪ್ ಬಿಚ್ಚು."

ಡಿಸ್ಟ್ರಿಬ್ಯೂಟರ್ ಎಂದರೆ ಇಂಜಿನ್ನಿನ ಪಕ್ಕದಲ್ಲಿ ನಿಂತಿರುವ ಒಂದು ಗಿಡ್ಡ ಡಬ್ಬಿ. ಅದರೊಳಗೆ ರೋಟರ್ ಎನ್ನುವ ಹೆಬ್ಬೆರಳ ಗಾತ್ರದ ಕಪ್ಪು ತುಂಡು ತಿರುಗುತ್ತ ನಾಲ್ಕು ಪ್ಲಗ್ಗಿಗೂ ಸರದಿಯಂತೆ ಕಿಡಿ ಹಂಚುತ್ತದೆ. ಇದನ್ನೆಲ್ಲ ಮಾವ ಹಿಂದೊಮ್ಮೆ ಬೇಜಾರು ಕಳೆಯಲು ನನಗೆ ಹೇಳಿಕೊಟ್ಟಿದ್ದರು. ಎರಡು ಕ್ಲಿಪ್ ಸರಿಸಿ ಕ್ಯಾಪ್ ಎತ್ತಿದೆ. ಒಳಗೆ ನಡುವಿನ ಕಂಬ ಬರಿದಾಗಿ ನಿಂತಿತ್ತು. ರೋಟರ್ ಇರಲಿಲ್ಲ.

ಅದು ತಾನಾಗಿ ಬಿದ್ದುಹೋಗುವ ವಸ್ತುವಲ್ಲ. ಕ್ಯಾಪಿನ ಕ್ಲಿಪ್ ಬಿಗಿಯಾಗಿಯೇ ಇತ್ತು. ಯಾರೋ ತೆಗೆದು, ಮೊದಲಿನ ಹಾಗೆಯೇ ಮುಚ್ಚಿಟ್ಟಿದ್ದರು. ತಲೆ ಎತ್ತಿದೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ತೆಂಗಿನಕಾಯಿಯ ಕಡಿ ಇತ್ತು, ತುರಿಯುತ್ತಿರಲಿಲ್ಲ. ನನ್ನ ಕಣ್ಣು ತಪ್ಪಿಸಲೂ ಇಲ್ಲ.

"ಎಂತ ಉಂಟು ಒಳಗೆ?" ಮಾವ ಕೇಳಿದರು.

ನನಗೆ ಯಾರ ಪರ ನಿಲ್ಲಬೇಕೆಂದು ಗೊತ್ತಾಗಲಿಲ್ಲ. ಕ್ಯಾಪಿನೊಳಗೆ ಸ್ವಲ್ಪ ಪಸೆ ಕಾಣುತ್ತದೆ ಎಂದು ಸುಳ್ಳು ಹೇಳಿದೆ. ಒರೆಸಿ ನೋಡುತ್ತೇನೆ ಎಂದೂ ಸೇರಿಸಿದೆ. ಎದುರಿಗೆ ನಿಂತಿರುವ ಮನುಷ್ಯನಿಗೆ ಕಾಣುವುದಿಲ್ಲ ಎಂಬುದನ್ನೇ ನಂಬಿಕೊಂಡು ಹೇಳಿದ ಸುಳ್ಳು ಅದು. ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಮಾವ ನನ್ನನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಕೈ ಒಳಗೆ ಹಾಕಿದರು. ಬೆರಳು ಕಂಬದ ತುದಿಯನ್ನು ಒಂದು ಸುತ್ತು ಸವರಿ ನಿಂತಿತು. ಆಮೇಲೆ ನೆಟ್ಟಗಾಗಿ, ಚಿಂದಿಯಲ್ಲಿ ಕೈ ಒರೆಸಿಕೊಂಡು, ಮನೆಯ ಕಡೆ ಮುಖ ಮಾಡಿ ಅತ್ತೆಯನ್ನು ಹೊರಗೆ ಕರೆದರು. ದನಿ ಏರಿಸಲಿಲ್ಲ.

ಅತ್ತೆ ಜಗಲಿಗೆ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಕರವಸ್ತ್ರದ ಗಂಟನ್ನು ತೆಗೆದು ಬಿಚ್ಚಿ, ರೋಟರನ್ನು ಮೆಟ್ಟಿಲಿನ ಮೇಲಿಟ್ಟರು. ಮಾವ ಬಟ್ಟೆ ಬದಲಿಸುತ್ತಿದ್ದಾಗ ತೆಗೆದದ್ದು, ಆಗಿನಿಂದ ಅವರ ಮೈಮೇಲೆಯೇ ಇತ್ತು.

"ಇದನ್ನು ತೆಗೀಲಿಕ್ಕೆ ನಿನಗೆ ಯಾರು ಹೇಳಿಕೊಟ್ಟದ್ದು?"

"ನೀವೇ ಅಲ್ವಾ? ಪ್ರತಿ ಸಲ ರಜೆ ಮುಗಿಸಿ ಹೋಗುವಾಗ ಇದನ್ನು ತೆಗೆದು ನನ್ನ ಕೈಯಲ್ಲಿ ಕೊಟ್ಟು ಹೋಗ್ತಿದ್ರಿ, ಯಾರೂ ಕಾರು ಕದ್ದುಕೊಂಡು ಹೋಗಬಾರದು ಅಂತ. ನೀವು ಬರುವ ತನಕ ಇಟ್ಟುಕೊಂಡವಳು ನಾನು."

ಉಳಿದದ್ದನ್ನೂ ಅತ್ತೆ ಅಲ್ಲಿಯೇ ನಿಂತು ಹೇಳಿ ಮುಗಿಸಿದರು. ಹಿಂದಿನ ವಾರ ಮನೆಗೆ ಮೀನು ತರುವ ಹೆಂಗಸು ಬುಟ್ಟಿ ಇಳಿಸಿದವಳೇ ನಡೆದದ್ದನ್ನೆಲ್ಲ ಹೇಳಿದ್ದಳಂತೆ. ಉಚ್ಚಿಲದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಅವಳು ಕೂತಿದ್ದಾಗ ಮಾವನ ಕಾರು ಡಾಂಬರು ಬಿಟ್ಟು ಕೆಳಗಿಳಿದು ಅವಳ ಬುಟ್ಟಿಯ ಮೇಲೆ ಹತ್ತಿತ್ತು. ಅವಳು ಎದ್ದು ಓಡಿದ್ದರಿಂದ ಉಳಿದಳು. ಮಾವ ನಿಲ್ಲಿಸಲಿಲ್ಲ. ನಿಲ್ಲಿಸಲಿಲ್ಲ ಎನ್ನುವುದು ಅವಳಿಗೆ ಬೇಸರ. ಅವರಿಗೆ ಗೊತ್ತೇ ಆಗಿಲ್ಲ ಎನ್ನುವುದು ಅತ್ತೆಗೆ ಭಯ.

"ಅದು ಬುಟ್ಟಿಯಾ?" ಎಂದರು ಮಾವ. "ನಾನು ಹೊಂಡ ಅಂದುಕೊಂಡೆ."

ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಮಾವ ಮೆಟ್ಟಿಲನ್ನು ತಡವಿ ರೋಟರನ್ನು ಎತ್ತಿಕೊಂಡು ಹೋಗಿ, ಯಾರ ಸಹಾಯವೂ ಇಲ್ಲದೆ ಕಂಬಕ್ಕೆ ಕೂರಿಸಿ, ಕ್ಯಾಪ್ ಮುಚ್ಚಿ, ವಯರುಗಳನ್ನು ಒಂದೊಂದಾಗಿ ಅದರದರ ಜಾಗಕ್ಕೆ ಸಿಕ್ಕಿಸಿದರು. ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ಇಂಜಿನ್ ಒಮ್ಮೆಗೇ ಹಿಡಿಯಿತು. ಗೇಟು ಹಾಕಲೇ, ಕಾರಿನ ಎದುರು ನಿಲ್ಲಲೇ ಎಂದು ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ಹಾಕಿದೆ.

ಅತ್ತೆ ಎದುರು ನಿಲ್ಲಲಿಲ್ಲ. ಮನೆಯ ಬಾಗಿಲಿಗೆ ಬೀಗ ಹಾಕಿ ಬಂದು, ಹಿಂದಿನ ಬಾಗಿಲು ತೆಗೆದು ಕಾರಿನಲ್ಲಿ ಕೂತರು.

"ನೀವೇ ಬಿಡುವುದಾದ್ರೆ ಬಿಡಿ. ನಾನೂ ಬರ್ತೇನೆ."

ಇಂಜಿನ್ ಓಡುತ್ತಲೇ ಇತ್ತು. ಮಾವನ ಎರಡೂ ಕೈ ಸ್ಟಿಯರಿಂಗ್ ಮೇಲಿದ್ದವು. ಗೇಟಿನಾಚೆ ಬಸ್ಸೊಂದು ಹೋಯಿತು, ಅದರ ಹಿಂದೆ ಎರಡು ಸ್ಕೂಟರು ಹೋದವು. ಅವೆಲ್ಲ ದಾಟಿದ ಮೇಲೂ ಅವರು ಅಲುಗಲಿಲ್ಲ. ಕೊನೆಗೆ ಆ ಉದ್ದ ಸೀಟಿನಲ್ಲಿ ಎಡಕ್ಕೆ ಸರಿದು, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನನಗೆ ಹೇಳಿದರು, "ಕೂತುಕೋ ಮಾರಾಯ್ತಿ. ಕ್ಲಚ್ ಗಟ್ಟಿ ಉಂಟು, ಪೂರ್ತಿ ಒತ್ತಬೇಕು."

ಶಿರ್ವ, ಬೆಳ್ಮಣ್ಣು ದಾಟಿ ಕಾರ್ಕಳಕ್ಕೆ ಹೋದ ಆ ದಾರಿಯಲ್ಲಿ ನಾನು ಕಾರನ್ನು ಆರು ಸಲ ಬಂದ್ ಮಾಡಿದೆ. ಒಂದು ಏರಿನಲ್ಲಿ ಹಿಂದಕ್ಕೆ ಜಾರಿದಾಗ ಅತ್ತೆ ದೇವರ ಹೆಸರು ಹೇಳಿಕೊಂಡದ್ದು ಕೇಳಿಸಿತು. ಮಾವ ರಸ್ತೆಯ ಕಡೆ ನೋಡಲಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಈಗ ಎರಡಕ್ಕೆ ಹಾಕು, ಈಗ ಮೂರಕ್ಕೆ, ಅಷ್ಟು ತುಳಿಯಬೇಡ ಎಂದು ಹೇಳುತ್ತ ಹೋದರು. ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಸ್ನೇಹಿತರ ಮನೆ ತಲುಪುವಾಗ ಮೂರಕ್ಕೆ ಹದಿನೈದು ನಿಮಿಷವಿತ್ತು. ಹಗ್ಗ ಬಿಗಿದ ಪೆಟ್ಟಿಗೆಗಳು ಜಗಲಿಯಲ್ಲಿದ್ದವು. ಅವರು ಅಂಗಳಕ್ಕೆ ಇಳಿದು ಬಂದು ಮಾವನ ಎರಡೂ ಕೈ ಹಿಡಿದುಕೊಂಡರು, ಕಾರಿನ ಕಡೆ ನೋಡಿ ನಕ್ಕರು, ಇದನ್ನು ಇನ್ನೂ ನೀನೇ ಓಡಿಸುತ್ತೀಯಾ ಎಂದು ಕೇಳಿದರು. ಮಾವ ಹೌದೆಂದು ಹೇಳಿದ್ದರೆ ನಾವಿಬ್ಬರೂ ಬಾಯಿ ತೆರೆಯುತ್ತಿರಲಿಲ್ಲ.

"ಇಲ್ಲ," ಎಂದರು ಮಾವ. "ನನಗೆ ಕಣ್ಣು ಕಾಣುವುದಿಲ್ಲ. ಈಗ ನಿನ್ನ ಮುಖವೂ ಸರಿ ಕಾಣ್ತಾ ಇಲ್ಲ."

ಆ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ಸ್ನೇಹಿತರು ಕೈ ಬಿಡದೆ ಹಾಗೆಯೇ ಅವರನ್ನು ಜಗಲಿಗೆ ಕರೆದುಕೊಂಡು ಹೋಗಿ ಪೆಟ್ಟಿಗೆಯ ಮೇಲೆ ಕೂರಿಸಿ, ಪಕ್ಕದಲ್ಲೇ ಕೂತರು. ಇಬ್ಬರೂ ಬಾಡಿಗೆ ಕಾರು ಬರುವ ತನಕ ತಗ್ಗಿದ ದನಿಯಲ್ಲಿ ಏನೇನೋ ಮಾತಾಡಿದರು. ಅತ್ತೆ ಅಂಗಳದಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಸೋಮವಾರ ನಾನೇ ಕಾರು ಬಿಟ್ಟುಕೊಂಡು ಅವರಿಬ್ಬರನ್ನೂ ಮಣಿಪಾಲಕ್ಕೆ ಕರೆದೊಯ್ದೆ. ದಾರಿಯಲ್ಲಿ ಮೀನಿನ ಹೆಂಗಸಿನ ಮನೆ ಎಲ್ಲಿ ಎಂದು ಮಾವ ಅತ್ತೆಯನ್ನು ಕೇಳಿದರು. ಮರುದಿನ ಅಲ್ಲಿಗೂ ಹೋಗಿ ಬಂದೆವು. ಲೇಸರ್ ಚಿಕಿತ್ಸೆ ಆರು ತಿಂಗಳು ನಡೆಯಿತು. ಬಲಗಣ್ಣು ಹೋಯಿತು, ಎಡಗಣ್ಣಿನಲ್ಲಿ ಸ್ವಲ್ಪ ದೃಷ್ಟಿ ಉಳಿಯಿತು. ಆ ಜೂನ್‌ನಲ್ಲಿ ಅಲೆವೂರಿನ ಹತ್ತಿರ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಕಾಪುವಿಗೆ ಬಂದು ಕಾರು ಹೊರಗೆ ತೆಗೆಯುತ್ತಿದ್ದೆ. ಅತ್ತೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಂದು ನಮ್ಮಿಬ್ಬರ ನಡುವೆ ಕೂರತೊಡಗಿದರು.