ತೊಟ್ಟಿಲಿನ ಗುಂಡುಕಲ್ಲು

ಕುಣಿಗಲ್ಲಿನ ಇತಿಹಾಸ ಸಂಘದವರು ಎರಡೇ ಕೋಣೆಗಳಲ್ಲಿ ನಡೆಸುವ ಮ್ಯೂಸಿಯಂನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಹೆಬ್ಬೂರಿನಿಂದ ಹಿರಿಯ ಹೆಂಗಸೊಬ್ಬರು ತಾವು ಕೊಟ್ಟಿದ್ದ ತೊಟ್ಟಿಲನ್ನು ನೋಡಲು ಬಂದರು. ಅದು ಖಾಲಿಯಿತ್ತು.

“ಮೇಷ್ಟ್ರೇ, ಇದ್ರೊಳಗಿದ್ದ ಗುಂಡುಕಲ್ಲೆಲ್ಲಿ?”

“ಅಡುಗೆ ಸಾಮಾನಿನ ಜೊತೆ ಜೋಡಿಸಿದೀನಿ ಕಣಮ್ಮ,” ಎಂದರು ಸಂಘದ ಕಾರ್ಯದರ್ಶಿ. ಅವರು ನಿವೃತ್ತ ಮೇಷ್ಟ್ರು, ಎಲ್ಲವನ್ನೂ ವಿಂಗಡಿಸಿಯೇ ಇಡುವವರು.

ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವುದು ಗುಂಡುಕಲ್ಲನ್ನೇ. ಅದು ಅವರಿಗೆ ಹೊಳೆದಿರಲಿಲ್ಲ.

“ನನ್ ಕೂಸು ಬೋರ್ಲು ಬೀಳೋಕ್ ಮುಂಚೇನೇ ಹೋಗ್ಬುಡ್ತು. ಅವತ್ತಿಂದ ಒಂದಿನಾನೂ ಈ ತೊಟ್ಲು ಖಾಲಿ ಬುಟ್ಟಿಲ್ಲ ನಾನು.”

ಮೇಷ್ಟ್ರು ಒಳಗೆ ಹೋಗಿ ಕಲ್ಲನ್ನು ಎತ್ತಿಕೊಂಡು ಬಂದರು. ಎಳೆಗೂಸಿನ ಕತ್ತಿಗೆ ಆಸರೆ ಕೊಡುವ ಹಾಗೆ ಅವರ ಒಂದು ಅಂಗೈ ಅದರಡಿಯಲ್ಲಿತ್ತು.