ಅಡಿವೆಯ್ಯನ ತುಕ್ಕು

ಹಳಿಯಾಳದ ರೇಡಿಯೋ ರಿಪೇರಿ ಅಡಿವೆಯ್ಯ ಯಾವುದೋ ಪತ್ರಿಕೆಯಲ್ಲಿ ಅಮೆರಿಕದ ಹೊಸ ಯಂತ್ರದ ಸಂಗತಿ ಓದಿದಂದಿನಿಂದ ತುಕ್ಕಿನ ಭಕ್ತನಾಗಿದ್ದ. ಬಂದ ಗಿರಾಕಿಗಳನ್ನು ಕೂರಿಸಿಕೊಂಡು, "ಲೆಕ್ಕಪತ್ರ ನೆನಪಿಡೂ ಕಪಾಟಿನಂಥಾ ಯಂತ್ರರೀ, ಒಳಗ ತುಕ್ಕಿನ ಪುಡಿ ಬಳಿದ ತಾಟು ಗರಗರ ತಿರಗತಾವ. ಮ್ಯಾಲ ಸಣ್ಣದೊಂದು ಕೈ ತೇಲತೈತಿ, ಮುಟ್ಟಂಗಿಲ್ಲ. ಅಯಸ್ಕಾಂತದಿಂದ ಕಣಗಳ ಮಾರಿ ಆ ಕಡೆ, ಈ ಕಡೆ ತಿರುಗಿಸಿ ಬರೀತೈತಿ. ಆಮ್ಯಾಲ ಮಾರಿ ನೋಡಿ ಓದತೈತಿ. ಕರೆಂಟ್ ಹೋದ್ರೂ ತುಕ್ಕು ಮರಿಯೂದಿಲ್ಲ" ಎನ್ನುತ್ತಿದ್ದ. ಬೀದಿಯಲ್ಲಿ ಯಾರಾದರೂ ಕುಡಗೋಲು ಉಜ್ಜಿದರೆ, "ಏನ್ ಅಳಸಾಕತ್ತೀರಿ, ಗೊತ್ತೈತೇನು?" ಎಂದು ಮನೆಯ ಮುಂಭಾಗದ ಅಂಗಡಿ ಬಿಟ್ಟು ಓಡುತ್ತಿದ್ದ. "ನಿಮ್ಮ ತಲೀಗೂ ತುಕ್ಕು ಹಿಡದೈತ್ರಿ" ಎಂದು ಹೆಂಡತಿ ಪಾರವ್ವ ನಗುತ್ತಿದ್ದಳು. ಗಿರಾಕಿಗಳಿಲ್ಲದ ಮಧ್ಯಾಹ್ನ ಅವನು ತೀರಿಹೋದ ತಾಯಿಯ ತುಕ್ಕು ಹಿಡಿದ ರೊಟ್ಟಿ ಹಂಚನ್ನು ಗ್ರಾಮೋಫೋನಿನ ಮೇಲಿಟ್ಟು ತಿರುಗಿಸುತ್ತಿದ್ದ. ಬೆರಳನ್ನು ಕೂದಲೆಳೆಯಷ್ಟು ಮೇಲೆ ಹಿಡಿದು ಕಣ್ಣು ಮುಚ್ಚಿದರೆ, ಎಲ್ಲಿಂದಲೋ ರೊಟ್ಟಿ ಬಡಿಯುವ ಸದ್ದು ತೇಲಿ ಬಂದಂತಾಗುತ್ತಿತ್ತು. ಆ ವರ್ಷ ದೀಪಾವಳಿಯ ಮುಂಚೆ ಅವನು ದಾಂಡೇಲಿಗೆ ಹೋಗಿ ಬರುವಷ್ಟರಲ್ಲಿ ಪಾರವ್ವ ಮನೆಯ ಕಬ್ಬಿಣವನ್ನೆಲ್ಲ ಬೂದಿ ಹಾಕಿ ತಿಕ್ಕಿ, ಅಂಗಳದಲ್ಲಿ ಥಳಥಳನೆ ಒಣಹಾಕಿದ್ದಳು. ಅದನ್ನು ಕಂಡದ್ದೇ ಅಡಿವೆಯ್ಯ ಒಳಗೆ ಓಡಿದ. ಹಂಚು ಗ್ರಾಮೋಫೋನಿನ ಮೇಲೆ ಹಾಗೇ ಇತ್ತು, ತುಕ್ಕು ಒಂಚೂರೂ ಅಳಿಸಿಹೋಗಿರಲಿಲ್ಲ. ಧೂಳು ಬೀಳಬಾರದೆಂದು ಪಾರವ್ವ ಅದರ ಮೇಲೆ ದೊಡ್ಡ ಬುಟ್ಟಿಯೊಂದನ್ನು ಬೋರಲು ಹಾಕಿದ್ದಳು, ಹಂಚಿಗೆ ಎಲ್ಲೂ ತಾಗದ ಹಾಗೆ.